‘ಫ್ಯಾಬ್ರಿಕೇಟ್’ ಅಂದರೆ ತಯಾರಿಸುವುದೋ, ಸುಳ್ಳು ಕಟ್ಟುವುದೋ? ಬಲ್ಲವರು ದಯವಿಟ್ಟು ಹೇಳಿ

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪೀಣ್ಯದ ಒಂದು ಫ್ಯಾಬ್ರಿಕೇಶನ್ ಕಾರ್ಖಾನೆಯಲ್ಲಿ ಆರು ವರ್ಷದಿಂದ ಕೆಲಸದಲ್ಲಿದ್ದೇನೆ. ಮೊದಲು ಶಾಪ್ ಫ್ಲೋರ್‌ನಲ್ಲಿದ್ದೆ. ಈಗ ಗಿರಾಕಿಗಳ ಮೇಲ್‌ಗಳಿಗೆ ಉತ್ತರ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿದೆ.

ಎರಡು ತಿಂಗಳ ಹಿಂದೆ ಹೊರದೇಶದ ಒಂದು ಕಂಪನಿಗೆ 240 ಬ್ರಾಕೆಟ್ ಮಾಡಿದ್ದೆವು. ಲೋಡ್ ಟೆಸ್ಟ್ ಮುಗಿಸಿ ರಿಪೋರ್ಟ್ ಕೂಡ ರೆಡಿ ಇಟ್ಟಿದ್ದೆವು. ನಾನು ಮೇಲ್‌ನಲ್ಲಿ ಹೀಗೆ ಬರೆದೆ: ‘ವಿ ಹ್ಯಾವ್ ಫ್ಯಾಬ್ರಿಕೇಟೆಡ್ ದ ಬ್ರಾಕೆಟ್ಸ್ ಆ್ಯಂಡ್ ದ ಟೆಸ್ಟ್ ರಿಪೋರ್ಟ್.’

ಮರುದಿನ ಬೆಳಿಗ್ಗೆ ಒಂದೇ ಸಾಲಿನ ಉತ್ತರ ಬಂತು. ಮಾಲು ಕಳಿಸಬೇಡಿ ಅಂತ. ಆಮೇಲೆ ಅವರ ಕ್ವಾಲಿಟಿ ವಿಭಾಗದವರು ಫೋನ್ ಮಾಡಿದರು. ಹೊರಗಿನಿಂದ ಇನ್‌ಸ್ಪೆಕ್ಟರ್ ಒಬ್ಬರು ಬಂದರು. ಟೆಸ್ಟ್ ಮತ್ತೆ ಮಾಡಿಸಿದರು. ಮೂರು ವಾರ ಹೋಯಿತು. ಮಾಲು ಸರಿಯಾಗಿತ್ತು, ರಿಪೋರ್ಟೂ ಸರಿಯಾಗಿತ್ತು. ಆದರೂ ನನ್ನ ಕೈಗೆ ಮೆಮೊ ಬಂತು.

ನಮ್ಮ ರಸ್ತೆಯಲ್ಲಿ ಎಲ್ಲಿ ನೋಡಿದರೂ ಫ್ಯಾಬ್ರಿಕೇಟರ್ಸ್, ಫ್ಯಾಬ್ರಿಕೇಶನ್ ವರ್ಕ್ಸ್ ಅನ್ನುವ ಬೋರ್ಡುಗಳೇ. ಗೇಟು, ಗ್ರಿಲ್ಲು, ಶೆಡ್ಡು, ಟ್ಯಾಂಕ್ ಸ್ಟ್ಯಾಂಡು. ನನಗೆ ಅದು ಅನ್ನ ಕೊಟ್ಟ ಪದ. ಅದಕ್ಕೆ ಸುಳ್ಳು ಹುಟ್ಟಿಸುವುದು ಅಂತಲೂ ಅರ್ಥ ಇದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ರಾತ್ರಿ ಡಿಕ್ಷನರಿ ತೆಗೆದು ನೋಡಿದರೆ ಇಂಥವು ಒಂದಲ್ಲ ಎರಡಲ್ಲ. ಫೋರ್ಜ್, ಕಾನ್‌ಕಾಕ್ಟ್, ಇನ್ವೆಂಟ್, ಮೇಕ್ ಅಪ್, ಕುಕ್ ಅಪ್, ಫಾಲ್ಸಿಫೈ, ಡಾಕ್ಟರ್. ಎಲ್ಲದಕ್ಕೂ ಒಂದೇ ಅರ್ಥ ಬರೆದಿದ್ದಾರೆ. ಎಲ್ಲಿ ಯಾವುದನ್ನು ಬಳಸಬೇಕು? ಇನ್ನೊಮ್ಮೆ ಹೀಗಾಗಬಾರದು. ತಿಳಿದವರು ಬಿಡಿಸಿ ಹೇಳಿ.

ಸಾಗರದ ಮೇಷ್ಟ್ರು

ತಮ್ಮಾ, ನಿಮ್ಮ ವಾಕ್ಯವನ್ನು ಎರಡು ಸಲ ಓದಿದೆ. ಮನಸ್ಸಿಗೆ ಬೇಜಾರಾಯಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಈ ಪದವನ್ನು ಎರಡೂ ಅರ್ಥದಲ್ಲಿ ನಾನೂ ಒಂದು ಸಲವೂ ಬಿಡಿಸಿ ಹೇಳಿರಲಿಲ್ಲ.

ನೀವು ಬಳಸಿದ್ದು ಆ ಪದದ ಹಳೆಯ ಅರ್ಥ. ಲ್ಯಾಟಿನ್ನಿನಲ್ಲಿ ಫಾಬೆರ್ ಅಂದರೆ ಕಮ್ಮಾರ, ಬಡಗಿಯಂಥ ಕಸುಬುದಾರ. ಅವನು ಕೆಲಸ ಮಾಡುವ ಜಾಗ ಫಾಬ್ರಿಕಾ. ಫ್ಯಾಬ್ರಿಕೇಟ್ ಬಂದದ್ದು ಅಲ್ಲಿಂದ. ಬಟ್ಟೆಗೆ ಹೇಳುವ ಫ್ಯಾಬ್ರಿಕ್ ಕೂಡ ಅಲ್ಲಿಂದಲೇ. ಇನ್ನೂ ಒಂದಿದೆ. ಅದೇ ಫಾಬ್ರಿಕಾ ಫ್ರೆಂಚರ ಬಾಯಲ್ಲಿ ಸವೆದು ಫೋರ್ಜ್ ಆಯಿತು. ಫೋರ್ಜ್ ಅಂದರೆ ಕುಲುಮೆ. ಅಂದರೆ ಕಬ್ಬಿಣ ಕಾಯಿಸಿ ಬಡಿಯುವ ಜಾಗದ ಹೆಸರೇ ಕಳ್ಳ ಸಹಿ ಹಾಕುವ ಕೆಲಸಕ್ಕೂ ಅಂಟಿಕೊಂಡಿತು. ಫ್ಯಾಬ್ರಿಕೇಟ್, ಫೋರ್ಜ್ ಎರಡೂ ಒಂದೇ ತಾಯಿಯ ಮಕ್ಕಳು.

ನಮ್ಮಲ್ಲೂ ಹೀಗೇ ಅಲ್ವಾ? ಮನೆ ಕಟ್ಟುತ್ತೇವೆ. ಹೂವು ಕಟ್ಟುತ್ತೇವೆ. ಜನಪದರು ಹಾಡು ಕಟ್ಟಿದರು ಅನ್ನುತ್ತೇವೆ, ಗೌರವದಿಂದ. ಆದರೆ ‘ಅದೆಲ್ಲ ಕಟ್ಟುಕತೆ’ ಅಂದರೆ ಮುಗಿಯಿತು. ಕಟ್ಟು ಅನ್ನುವ ಪದದಲ್ಲಿ ದೋಷ ಇಲ್ಲ. ಅದರ ಜೊತೆ ಏನು ಬಂತು ಅನ್ನುವುದು ಮುಖ್ಯ.

ಇಂಗ್ಲಿಷಿನಲ್ಲೂ ಅಷ್ಟೇ. ಫ್ಯಾಬ್ರಿಕೇಟ್ ಆದಮೇಲೆ ಗೇಟು, ಬಾಯ್ಲರ್, ಕಂಪ್ಯೂಟರ್ ಚಿಪ್, ಸೇತುವೆಯ ಗರ್ಡರ್ ಬಂದರೆ ಅದು ಮರ್ಯಾದೆಯ ಕೆಲಸ. ಅದರ ಮುಂದೆ ಕಾಗದ, ಮಾತು, ಲೆಕ್ಕ, ಸಾಕ್ಷಿ ಬಂದರೆ ಸುಳ್ಳು. ರಿಪೋರ್ಟು ಕಾಗದದ ಕಡೆಯದು. ನಿಮ್ಮ ವಾಕ್ಯದಲ್ಲಿ ಒಂದೇ ಕ್ರಿಯಾಪದ ಬ್ರಾಕೆಟ್ಟನ್ನೂ ಹೊತ್ತಿತು, ರಿಪೋರ್ಟನ್ನೂ ಹೊತ್ತಿತು. ತೊಂದರೆ ಆದದ್ದು ಅಲ್ಲಿ.

ರಿಪೋರ್ಟಿಗೆ ಪ್ರಿಪೇರ್ ಸಾಕು. ಕರಾರು ಪತ್ರಕ್ಕೆ ಡ್ರಾ ಅಪ್. ಬೇರೆ ಬೇರೆ ಕಡೆಯ ಮಾಹಿತಿ ಒಟ್ಟು ಮಾಡಿದ್ದರೆ ಕಂಪೈಲ್. ಸರ್ಟಿಫಿಕೇಟಿಗೆ ಇಶ್ಯೂ.

ಪುತ್ತೂರು ಕಡೆಯವ

ನಮ್ಮ ಹವ್ಯಕರ ಮನೆಗಳಲ್ಲಿ ಸುಳ್ಳಿಗೆ ಲೊಟ್ಟೆ ಅನ್ನುತ್ತೇವೆ. ‘ಲೊಟ್ಟೆ ಹೇಳೆಡ’ ಅಂತ ಅಜ್ಜಿ ಗದರುತ್ತಿದ್ದರು. ಮಕ್ಕಳ ಸಣ್ಣ ಸುಳ್ಳಿಗೂ ಅದೇ, ದೊಡ್ಡವರ ಸುಳ್ಳಿಗೂ ಅದೇ. ಇಂಗ್ಲಿಷಿನಲ್ಲಿ ಮಕ್ಕಳ ಸಣ್ಣ ಸುಳ್ಳಿಗೆ ಫಿಬ್ ಅಂತ ಬೇರೆಯೇ ಇದೆ. ಅದನ್ನು ಕೋರ್ಟಿನ ಸುಳ್ಳಿಗೆ ಹೇಳಲಿಕ್ಕಾಗುವುದಿಲ್ಲ.

ಧಾರವಾಡದ ವಕೀಲೆ

ಕೋರ್ಟಿನ ಮಾತು ಬಂತು, ಹಾಗಾಗಿ ನಾನೂ ಸೇರಿಕೊಳ್ಳುತ್ತೇನೆ. ಹದಿನಾಲ್ಕು ವರ್ಷದಿಂದ ಈ ಪದಗಳ ಜೊತೆ ಬದುಕುತ್ತಿದ್ದೇನೆ. ಒಂದು ಪದ ತಪ್ಪಾದರೆ ಕೇಸಿನ ದಿಕ್ಕೇ ತಪ್ಪುತ್ತದೆ.

1860ರ ಭಾರತೀಯ ದಂಡ ಸಂಹಿತೆಯಲ್ಲಿ ಸೆಕ್ಷನ್ 191 ಮತ್ತು 192 ಅಕ್ಕಪಕ್ಕದಲ್ಲಿದ್ದವು. 191 ಸುಳ್ಳು ಸಾಕ್ಷ್ಯ ಹೇಳುವುದು. 192 ಸುಳ್ಳು ಸಾಕ್ಷ್ಯ ಸೃಷ್ಟಿಸುವುದು. ಈ ಎರಡನೆಯದರಲ್ಲೇ ಫ್ಯಾಬ್ರಿಕೇಟ್ ಇರುವುದು. ಕಾನೂನೇ ಕೊಟ್ಟ ಉದಾಹರಣೆ ಹೀಗಿದೆ. ಒಬ್ಬನು ಒಡವೆಯನ್ನು ಇನ್ನೊಬ್ಬನ ಪೆಟ್ಟಿಗೆಯಲ್ಲಿ ಇಡುತ್ತಾನೆ. ಅದು ಅಲ್ಲಿ ಸಿಗಲಿ, ಆ ಇನ್ನೊಬ್ಬನು ಕಳ್ಳತನದ ಅಪರಾಧಿ ಅಂತ ತೀರ್ಮಾನವಾಗಲಿ ಅನ್ನುವುದು ಉದ್ದೇಶ. ಗಮನಿಸಿ, ಇಲ್ಲಿ ಯಾರೂ ಬಾಯಿ ಬಿಟ್ಟಿಲ್ಲ. ಒಂದು ಸುಳ್ಳು ಮಾತೂ ಆಡಿಲ್ಲ. ಒಡವೆಯೂ ನಿಜವಾದದ್ದೇ. ಆದರೂ ಅದು ಫ್ಯಾಬ್ರಿಕೇಶನ್. ಲೈ ಅನ್ನುವುದು ನಾಲಗೆಯ ಕೆಲಸ, ಫ್ಯಾಬ್ರಿಕೇಟ್ ಅನ್ನುವುದು ಕೈಯ ಕೆಲಸ ಅಂತ ನಾನು ಜೂನಿಯರ್‌ಗಳಿಗೆ ಹೇಳಿಕೊಡುತ್ತೇನೆ. ಪೂರ್ತಿ ಸರಿ ಅಲ್ಲ, ಆದರೆ ನೆನಪಿಡಲು ಸುಲಭ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಮೇಲೆ ಇವೇ 227 ಮತ್ತು 228 ಆಗಿವೆ. ಕೋರ್ಟಿನ ನಡಾವಳಿಯಲ್ಲಿ ಹೀಗೆ ಮಾಡಿದರೆ ಏಳು ವರ್ಷದವರೆಗೆ ಶಿಕ್ಷೆ. ನಿಮ್ಮ ಗಿರಾಕಿ ಬೆಚ್ಚಿಬಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ ಸರ್.

ಫೋರ್ಜ್ ಮತ್ತು ಕೌಂಟರ್‌ಫೀಟ್ ಕೂಡ ಬೇರೆ ಬೇರೆ. ಸಹಿ, ಉಯಿಲು, ಮಾರ್ಕ್ಸ್ ಕಾರ್ಡ್, ಕ್ರಯಪತ್ರಗಳಿಗೆ ಫೋರ್ಜ್. ನೋಟು, ನಾಣ್ಯ, ಸ್ಟ್ಯಾಂಪುಗಳಿಗೆ ಕೌಂಟರ್‌ಫೀಟ್. ಅಂದರೆ ಅಧಿಕಾರ ಇರುವವರು ರಾಶಿ ರಾಶಿ ಹೊರಡಿಸುವ ವಸ್ತುವನ್ನು ಅದೇ ಥರ ಕಾಣುವ ಹಾಗೆ ಮಾಡುವುದು. ನಮ್ಮ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದದ ಹಗರಣ ನೆನಪಿರಬೇಕು. 2001ರಲ್ಲಿ ಅವನ ಬಂಧನವಾಯಿತು. ಅಲ್ಲಿ ಮುದ್ರಣವಾದ ಖಾಲಿ ಛಾಪಾ ಕಾಗದ ಕೌಂಟರ್‌ಫೀಟ್. ಅದೇ ಕಾಗದದ ಮೇಲೆ ಇನ್ನೊಬ್ಬನು ಸತ್ತವರ ಸಹಿ ಹಾಕಿ ಜಮೀನು ಬರೆಸಿಕೊಂಡರೆ ಅದು ಫೋರ್ಜರಿ. ಔಷಧಿ, ಬ್ರಾಂಡಿನ ಚಪ್ಪಲಿ, ವಾಚಿಗೂ ಕೌಂಟರ್‌ಫೀಟ್ ಅನ್ನುವುದು ಇದೇ ಕಾರಣಕ್ಕೆ. ಕನ್ನಡದಲ್ಲಿ ನಾವು ಖೋಟಾ ನೋಟು ಅನ್ನುತ್ತೇವೆ, ಆದರೆ ಖೋಟಾ ಸಹಿ ಅನ್ನುವುದು ಕಡಿಮೆ. ಅಲ್ಲಿ ನಕಲಿ ಸಹಿ. ಕನ್ನಡವೂ ಸ್ವಲ್ಪ ಮಟ್ಟಿಗೆ ಬೇರೆ ಮಾಡುತ್ತದೆ.

ಪೀಣ್ಯ ಎರಡನೇ ಹಂತ

ಮೇಷ್ಟ್ರೇ, ಮೇಡಂ, ಇಬ್ಬರಿಗೂ ಧನ್ಯವಾದ. ಕುಲುಮೆಯ ವಿಷಯ ಓದಿ ಸುಮ್ನೆ ಕೂತುಬಿಟ್ಟೆ. ನಮ್ಮಜ್ಜ ಹೊಸದುರ್ಗದ ಹತ್ತಿರ ಕುಲುಮೆ ಇಟ್ಟಿದ್ದರು. ಕುಡುಗೋಲು, ಗುದ್ದಲಿ, ಗಾಡಿಯ ಪಟ್ಟಿ ಮಾಡುತ್ತಿದ್ದರು. ಅವರ ಕೆಲಸದ ಹೆಸರು ಇಂಗ್ಲಿಷಿನಲ್ಲಿ ಹೀಗಾಯಿತಲ್ಲ ಅಂತ ಸಂಕಟವಾಯಿತು.

ಒಂದು ಅನುಮಾನ. ಪೇಪರಿನಲ್ಲಿ ‘ನಕಲಿ ದಾಖಲೆ ಸೃಷ್ಟಿ’ ಅಂತ ಬರೆಯುತ್ತಾರೆ. ಅದನ್ನು ಇಂಗ್ಲಿಷಿನಲ್ಲಿ ಕ್ರಿಯೇಟ್ ಅನ್ನಬಹುದಾ? ನಾವು ಆಫೀಸಿನಲ್ಲಿ ದಿನಾ ಕ್ರಿಯೇಟ್ ದ ಡಾಕ್ಯುಮೆಂಟ್ ಅನ್ನುತ್ತೇವೆ.

ಧಾರವಾಡದ ವಕೀಲೆ

ಆಫೀಸಿನಲ್ಲಿ ಧಾರಾಳವಾಗಿ ಅನ್ನಿ. ಕಂಪ್ಯೂಟರಿನಲ್ಲಿ ಹೊಸ ಫೈಲು ತೆರೆಯುವುದಕ್ಕೆ ಅದೇ ಪದ. ಆದರೆ ನಮ್ಮ ಕಡೆಯ ಸಿವಿಲ್ ಕೋರ್ಟಿನ ಇಂಗ್ಲಿಷಿನಲ್ಲಿ ಕ್ರಿಯೇಟೆಡ್ ಡಾಕ್ಯುಮೆಂಟ್ ಅಂದರೆ ಸುಳ್ಳು ದಾಖಲೆ ಅಂತಲೇ ಅರ್ಥ. ‘ಕ್ರಿಯೇಟೆಡ್ ಆ್ಯಂಡ್ ಕಾನ್‌ಕಾಕ್ಟೆಡ್’ ಅಂತ ಜೋಡಿಯಾಗಿ ಬರೆಯುತ್ತೇವೆ. ಸೃಷ್ಟಿಸಿದ ದಾಖಲೆ ಅನ್ನುವ ಕನ್ನಡ ಅದರ ಹಿಂದೆ ಇದೆ ಅನ್ನುವುದು ನನ್ನ ಅನಿಸಿಕೆ. ಹೊರದೇಶದವರಿಗೆ ಇದು ಅರ್ಥವಾಗುವುದಿಲ್ಲ.

ಫ್ರೇಮ್ ಪದಕ್ಕಂತೂ ತುಂಬಾ ಎಚ್ಚರ ಬೇಕು. ನಮ್ಮಲ್ಲಿ ‘ಕೋರ್ಟ್ ಫ್ರೇಮ್ಡ್ ದ ಚಾರ್ಜಸ್’ ಅಂದರೆ ನ್ಯಾಯಾಧೀಶರು ದೋಷಾರೋಪ ನಿಗದಿ ಮಾಡಿದರು. ಅದು ಕ್ರಮಬದ್ಧ ಕೆಲಸ. ಆದರೆ ‘ಹಿ ವಾಸ್ ಫ್ರೇಮ್ಡ್’ ಅಂದರೆ ಅವನನ್ನು ಸುಳ್ಳು ಕೇಸಿನಲ್ಲಿ ಸಿಕ್ಕಿಸಿದರು. ಫ್ರೇಮ್ ಆದದ್ದು ಆರೋಪವೋ, ಮನುಷ್ಯನೋ ಅಂತ ನೋಡಿ. ಮನುಷ್ಯನಾದರೆ ಮೋಸ. ಲಂಡನ್ನಿನಲ್ಲಿರುವ ಕಕ್ಷಿದಾರರೊಬ್ಬರಿಗೆ ನಾನು ಕಳಿಸಿದ ಮೇಲ್‌ನಿಂದ ಅವರು ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಜಡ್ಜೇ ಸುಳ್ಳು ಕೇಸು ಹಾಕಿದರು ಅಂತ ತಿಳಿದುಕೊಂಡಿದ್ದರು.

ಲೆಕ್ಕದ ಪುಸ್ತಕ, ಹುಬ್ಬಳ್ಳಿ

ನಮ್ಮ ಕಡೆಯ ಎರಡು ಪದ ಹೇಳುತ್ತೇನೆ. ಅಕೌಂಟ್ಸ್‌ನಲ್ಲಿ ಫ್ಯಾಬ್ರಿಕೇಟ್‌ಗಿಂತ ಫಾಲ್ಸಿಫೈ ಜಾಸ್ತಿ. ಪುಸ್ತಕ ಇದ್ದೇ ಇರುತ್ತದೆ, ಅದರೊಳಗಿನ ಅಂಕಿಯನ್ನು ತಿದ್ದುತ್ತಾರೆ. ಆಡುಮಾತಿನಲ್ಲಿ ಅದಕ್ಕೆ ಕುಕಿಂಗ್ ದ ಬುಕ್ಸ್. 2009ರ ಜನವರಿಯಲ್ಲಿ ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರಲ್ಲ, ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ. ಆವಾಗ ಇಂಗ್ಲಿಷ್ ಪೇಪರುಗಳ ತುಂಬ ಇದೇ ಪದ.

ಪ್ರಯಾಣ ಭತ್ಯೆಯ (ಟಿಎ) ಬಿಲ್ಲಿಗೆ ಎರಡು ಆಟೋ ಜಾಸ್ತಿ ಸೇರಿಸುವುದಕ್ಕೆ ಪ್ಯಾಡ್. ಅದು ಸಣ್ಣ ಪದ, ಆದರೆ ಕೆಲಸ ಹೋಗುತ್ತದೆ.

ಲ್ಯಾಬ್ ಬೆಂಚು, ಮೈಸೂರು

ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಹುಬ್ಬಳ್ಳಿಯವರು ಹೇಳಿದ ವ್ಯತ್ಯಾಸ ನಮ್ಮಲ್ಲಿ ನಿಯಮವೇ ಆಗಿದೆ. ಅಮೆರಿಕದ ಸರ್ಕಾರಿ ವ್ಯಾಖ್ಯಾನದಲ್ಲಿ ಸಂಶೋಧನೆಯ ಅಪರಾಧಗಳು ಮೂರು: ಫ್ಯಾಬ್ರಿಕೇಶನ್, ಫಾಲ್ಸಿಫಿಕೇಶನ್, ಪ್ಲೇಜಿಯರಿಸಂ. ಪ್ರಯೋಗವನ್ನೇ ಮಾಡದೆ ಅಂಕಿ ಬರೆದರೆ ಮೊದಲನೆಯದು. ಪ್ರಯೋಗ ಮಾಡಿ, ಬೇಡದ ಅಂಕಿ ಬಿಟ್ಟರೆ ಅಥವಾ ತಿದ್ದಿದರೆ ಎರಡನೆಯದು. ಇನ್ನೊಬ್ಬರದ್ದನ್ನು ಎತ್ತಿಕೊಂಡರೆ ಮೂರನೆಯದು.

ನೆದರ್ಲೆಂಡ್ಸಿನ ಸಮಾಜ ಮನಶ್ಶಾಸ್ತ್ರಜ್ಞ ಡೀಡೆರಿಕ್ ಸ್ಟಾಪೆಲ್ 2011ರಲ್ಲಿ ಸಿಕ್ಕಿಬಿದ್ದರು. ಯಾರನ್ನೂ ಪ್ರಶ್ನೆ ಕೇಳದೆಯೇ ಉತ್ತರಗಳ ಅಂಕಿಗಳನ್ನು ಕೂತು ಬರೆದಿದ್ದರು. 50ಕ್ಕೂ ಹೆಚ್ಚು ಪ್ರಬಂಧಗಳು ವಾಪಸಾದವು. ಅದು ಶುದ್ಧ ಫ್ಯಾಬ್ರಿಕೇಶನ್. ಮೊದಲೇ ಏನೂ ಇರಲಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಭೌತವಿಜ್ಞಾನಿ ಯಾನ್ ಹೆಂಡ್ರಿಕ್ ಶೋನ್ 2002ರಲ್ಲಿ ಸಿಕ್ಕಿಬಿದ್ದದ್ದು ಒಂದೇ ಗ್ರಾಫು ಬೇರೆ ಬೇರೆ ಪ್ರಬಂಧಗಳಲ್ಲಿ ಬೇರೆ ಬೇರೆ ವಸ್ತುಗಳ ಹೆಸರಿನಲ್ಲಿ ಬಂದದ್ದರಿಂದ. ಅಲ್ಲಿ ಎರಡೂ ಬೆರೆತಿವೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಪಿಲ್ಟ್‌ಡೌನ್ ಮನುಷ್ಯನದು. 1912ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಆದಿಮಾನವನ ಮೂಳೆ ಸಿಕ್ಕಿತು ಅಂದರು. 1953ರವರೆಗೆ ಎಷ್ಟೋ ಜನ ನಂಬಿದ್ದರು. ಅದು ಮನುಷ್ಯನ ತಲೆಬುರುಡೆ, ಒರಾಂಗುಟಾನಿನ ದವಡೆ. ಹಲ್ಲುಗಳನ್ನು ಅರದಿಂದ ಉಜ್ಜಿದ್ದರು. ಹಳೆಯದಾಗಿ ಕಾಣಲಿ ಅಂತ ಬಣ್ಣ ಹಚ್ಚಿದ್ದರು. ಆಮೇಲೆ ಮಣ್ಣಲ್ಲಿ ಇಟ್ಟಿದ್ದರು. ಈ ಒಂದೇ ಘಟನೆಗೆ ಎಷ್ಟು ಕ್ರಿಯಾಪದ ಬೇಕು ನೋಡಿ. ಮೂಳೆಗಳನ್ನು ಡಾಕ್ಟರ್ ಮಾಡಿದರು, ಮಣ್ಣಲ್ಲಿ ಪ್ಲಾಂಟ್ ಮಾಡಿದರು, ಎಲ್ಲ ಸೇರಿ ಒಂದು ಪುರಾವೆಯನ್ನು ಫೇಕ್ ಮಾಡಿದರು. ಕೌಂಟರ್‌ಫೀಟ್ ಇಲ್ಲಿ ಬರುವುದಿಲ್ಲ. ಯಾಕೆಂದರೆ ಅಂಥ ಅಸಲಿ ಪ್ರಾಣಿಯೇ ಇರಲಿಲ್ಲ.

ಡಾಕ್ಟರ್ ಅನ್ನುವುದು ವೈದ್ಯರಿಂದಲೇ ಬಂದ ಪದ. ಮದ್ದು ಮಾಡುವುದು, ರಿಪೇರಿ ಮಾಡುವುದು ಅನ್ನುವ ಅರ್ಥ ನಿಧಾನವಾಗಿ ತಿದ್ದಿ ಕೆಡಿಸುವುದು ಅಂತ ಆಯಿತು. ಫೋಟೊ, ವಿಡಿಯೊ, ಆಡಿಯೊಗೆ ಇದೇ ಹೆಚ್ಚು.

ಒಂದು ಎಚ್ಚರಿಕೆ ಇದೆ. ತತ್ತ್ವಶಾಸ್ತ್ರದಲ್ಲಿ, ಅದರಲ್ಲೂ ಕಾರ್ಲ್ ಪಾಪರ್ ಬಗ್ಗೆ ಓದುವಾಗ, ಫಾಲ್ಸಿಫೈ ಅಂದರೆ ಒಂದು ಸಿದ್ಧಾಂತ ಸುಳ್ಳು ಅಂತ ಪ್ರಾಮಾಣಿಕವಾಗಿ ತೋರಿಸುವುದು. ಅದು ವಿಜ್ಞಾನಿಯ ಒಳ್ಳೆಯ ಕೆಲಸ. ಅಕೌಂಟೆಂಟಿನ ಫಾಲ್ಸಿಫೈಗೂ ಅದಕ್ಕೂ ಸಂಬಂಧವಿಲ್ಲ.

ಮಂಡ್ಯದ ಗೌಡ

ಇಷ್ಟೆಲ್ಲ ಯಾಕೆ ಬೇಕು ಅನ್ನಿಸ್ತಿದೆ. ಸುಳ್ಳು ಅಂದರೆ ಸುಳ್ಳು. ನಾವು ಬುರುಡೆ ಬಿಡ್ತಾನೆ ಅಂತೀವಿ, ಓಳು ಬಿಡ್ತಾನೆ ಅಂತೀವಿ, ಮುಗೀತು. ಲೈ ಅಂತ ಒಂದೇ ಪದ ಕಲಿತರೆ ಸಾಕಲ್ವಾ?

ಸಾಗರದ ಮೇಷ್ಟ್ರು

ಗೌಡರೇ, ನೀವೇ ಎರಡು ಪದ ಹೇಳಿದಿರಿ. ಎರಡರಲ್ಲೂ ಬರೀ ಸುಳ್ಳಿಲ್ಲ, ದೊಡ್ಡಸ್ತಿಕೆ ಇದೆ. ಹಾಲಿಗೆ ನೀರು ಬೆರೆಸಿ ಇಲ್ಲ ಅಂದವನಿಗೆ ಬುರುಡೆ ಬಿಟ್ಟ ಅನ್ನುತ್ತೀರಾ? ಇದ್ದ ವಿಷಯಕ್ಕೆ ಉಪ್ಪು ಖಾರ ಹಚ್ಚಿದ ಅನ್ನುವುದು ಬೇರೆ, ಇಲ್ಲದ್ದನ್ನು ಹುಟ್ಟಿಸಿದ ಅನ್ನುವುದು ಬೇರೆ. ಉಪ್ಪು ಖಾರಕ್ಕೆ ಇಂಗ್ಲಿಷಿನಲ್ಲಿ ಎಂಬ್ರಾಯ್ಡರ್ ಅಥವಾ ಎಂಬೆಲಿಶ್. ನಾವು ಅಡುಗೆಮನೆಗೆ ಹೋದ ಕಡೆ ಅವರು ಕಸೂತಿಗೆ ಹೋದರು. ಅವರು ಅಡುಗೆಮನೆಗೆ ಹೋದದ್ದು ಪೂರ್ತಿ ಸುಳ್ಳಿಗೆ. ಕುಕ್ ಅಪ್ ಸರಿಯೇ, ಕಾನ್‌ಕಾಕ್ಟ್ ಕೂಡ ಲ್ಯಾಟಿನ್ನಿನ ಕೋಕ್ವೆರೆ, ಅಂದರೆ ಬೇಯಿಸು ಅನ್ನುವುದರಿಂದ ಬಂದದ್ದು. ಹಲವು ಸಾಮಾನು ಸೇರಿಸಿ ಬೇಯಿಸುವುದು. ಹಾಗಾಗಿ ಕಾನ್‌ಕಾಕ್ಟ್‌ನಲ್ಲಿ ಯೋಚನೆ ಇದೆ, ಹೊತ್ತು ತೆಗೆದುಕೊಂಡಿದ್ದಾನೆ ಅನ್ನುವ ಅರ್ಥ ಇದೆ. ನಾಲ್ಕು ಜನ ಕೂತು ಹೆಣೆದ ಕತೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಕ್ಲಾಸಿಗೆ ತಡವಾಗಿ ಬಂದ ಹುಡುಗ ಬಾಗಿಲಲ್ಲೇ ಹೇಳಿದ ನೆಪಕ್ಕೆ ಮೇಕ್ ಅಪ್ ಸಾಕು.

ಮೇಕ್ ಅಪ್ ಬಳಸುವಾಗ ನಮ್ಮ ಮಕ್ಕಳು ಮಾಡುವ ಒಂದು ತಪ್ಪಿದೆ. ‘ಹಿ ಮೇಡ್ ಅಪ್ ಇಟ್’ ಅನ್ನುತ್ತಾರೆ. ಇಟ್ ನಡುವೆ ಬರಬೇಕು: ‘ಹಿ ಮೇಡ್ ಇಟ್ ಅಪ್.’ ಸ್ಟೋರಿ ಅನ್ನುವ ಪದ ಬಂದರೆ ಎರಡೂ ಕಡೆ ಇಡಬಹುದು. ಬರೀ ‘ದೇ ಮೇಡ್ ಅಪ್’ ಅಂದರೆ ಜಗಳ ಬಿಟ್ಟು ರಾಜಿಯಾದರು ಅಂತ. ಒಂದೇ ಪದ, ಅರ್ಥ ಎಲ್ಲಿಂದ ಎಲ್ಲಿಗೆ.

ಇನ್ವೆಂಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಲ್ಯಾಟಿನ್ ಮೂಲದಲ್ಲಿ ಅದು ಎದುರಾಗುವುದು, ಕಾಣುವುದು. ನಮ್ಮ ಕಂಡುಹಿಡಿ ಅನ್ನುವುದಕ್ಕೆ ತೀರಾ ಹತ್ತಿರ. ಯಂತ್ರಕ್ಕೆ ಬಂದರೆ ಹೊಗಳಿಕೆ, ನೆಪಕ್ಕೆ ಬಂದರೆ ತೆಗಳಿಕೆ. ಕಾಯಿನ್ ಮಾತ್ರ ಪದಗಳ ವಿಷಯದಲ್ಲಿ ಮರ್ಯಾದೆ ಉಳಿಸಿಕೊಂಡಿದೆ. ಹೊಸ ಪದ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಕಾಯಿನ್, ಕನ್ನಡದಲ್ಲಿ ಟಂಕಿಸು. ಟಂಕಸಾಲೆ ಅಂದರೆ ನಾಣ್ಯ ಅಚ್ಚು ಹಾಕುವ ಜಾಗ. ಎರಡು ಭಾಷೆಗಳೂ ಪದವನ್ನು ನಾಣ್ಯದಂತೆ ಕಂಡಿವೆ. ಇದನ್ನು ಪಾಠ ಮಾಡುವಾಗ ನನಗೆ ಪ್ರತಿ ವರ್ಷ ಖುಷಿಯಾಗುತ್ತಿತ್ತು.

ತರೀಕೆರೆ ಮಗಳು

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಗೌಡರ ಮಾತಿಗೆ ಉತ್ತರ ಬರೆಯಬೇಕು ಅನ್ನಿಸಿತು. ಲೈ ಅನ್ನುವ ಒಂದೇ ಪದ ಸಾಲದೆ ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಅಪ್ಪನಿಗೆ 76 ವರ್ಷ. ಎರಡು ವರ್ಷದಿಂದ ಮರೆವು. ಬೆಳಿಗ್ಗೆ ಎಲ್ಲಿಗೂ ಹೋಗಿರುವುದಿಲ್ಲ, ಆದರೆ ‘ಸಂತೆಗೆ ಹೋಗಿದ್ದೆ, ಇಂಥವರು ಸಿಕ್ಕಿದ್ದರು, ಮಗಳ ಮದುವೆ ಗೊತ್ತಾಯಿತಂತೆ’ ಅಂತ ವಿವರವಾಗಿ ಹೇಳುತ್ತಾರೆ. ಅವರು ಹೇಳುವ ಸ್ನೇಹಿತರು ತೀರಿಕೊಂಡು ಹತ್ತು ವರ್ಷ ಆಯಿತು. ನಾನು ಅಮೆರಿಕದಲ್ಲಿರುವ ಅಣ್ಣನಿಗೆ ಮೆಸೇಜ್ ಮಾಡುವಾಗ ಇಂಗ್ಲಿಷಿನಲ್ಲಿ ‘ಅಪ್ಪ ಈಸ್ ಫ್ಯಾಬ್ರಿಕೇಟಿಂಗ್ ಸ್ಟೋರೀಸ್’ ಅಂತ ಬರೆದೆ. ಅಣ್ಣನಿಗೆ ಸಿಟ್ಟು ಬಂತು. ದುಡ್ಡಿನ ವಿಷಯಕ್ಕೋ ಏನಕ್ಕೋ ಅಪ್ಪ ಬೇಕಂತಲೇ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡ. ಫೋನ್ ಮಾಡಿ ‘ಯಾಕಪ್ಪಾ ಹೀಗೆಲ್ಲ ಕತೆ ಕಟ್ಟುತ್ತೀರಿ’ ಅಂತ ಜೋರಾಗಿ ಕೇಳಿಬಿಟ್ಟ. ಅಪ್ಪ ಆ ದಿನ ಊಟ ಮಾಡಲಿಲ್ಲ. ಯಾಕೆ ಬೈದರು ಅಂತಲೂ ಅವರಿಗೆ ಗೊತ್ತಾಗಲಿಲ್ಲ.

ನಾನು ಇನ್ನೇನು ಬರೆಯಬೇಕಿತ್ತು? ಮೇಕಿಂಗ್ ಅಪ್ ಅಂದಿದ್ದರೆ ಸರಿಯಿತ್ತಾ?

ನೈಟ್ ಶಿಫ್ಟ್, ಲೀಡ್ಸ್

ಅಕ್ಕಾ, ನಾನು ನರ್ಸ್. ಊರು ಚಿಕ್ಕಮಗಳೂರು, ಈಗ ಇಂಗ್ಲೆಂಡಿನಲ್ಲಿ ವಯಸ್ಸಾದವರ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನೀವು ಬರೆದದ್ದು ಓದಿ ಕಣ್ಣು ತುಂಬಿತು. ನಿಮಗೆ ಬೇಕಾದ ಪದ ಇದೆ. ಕನ್‌ಫ್ಯಾಬ್ಯುಲೇಟ್.

ನೆನಪಿನಲ್ಲಿ ತೂತು ಬಿದ್ದಾಗ ಮೆದುಳು ಆ ಜಾಗವನ್ನು ಖಾಲಿ ಬಿಡುವುದಿಲ್ಲ. ಹಳೆಯ ನೆನಪು, ಆಗಬಹುದಾದ ಸಂಗತಿ ಎಲ್ಲ ಸೇರಿಸಿ ತುಂಬುತ್ತದೆ. ಹೇಳುವವರಿಗೆ ಅದು ನಿಜವೇ. ಮೋಸದ ಉದ್ದೇಶ ಎಳ್ಳಷ್ಟೂ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರಷ್ಯಾದ ವೈದ್ಯ ಕೊರ್ಸಕೋಫ್ ಇಂಥ ರೋಗಿಗಳ ಬಗ್ಗೆ ಬರೆದರು. ಅವರ ಹೆಸರಿನ ಕಾಯಿಲೆಯೇ ಇದೆ. ಜಾಸ್ತಿ ಕುಡಿತದಿಂದ ವಿಟಮಿನ್ ಬಿ1 ಕಡಿಮೆಯಾದವರಲ್ಲಿ ಹೆಚ್ಚು ಕಾಣುತ್ತದೆ. ಅಲ್ಝೈಮರ್ಸ್‌ನಲ್ಲೂ, ತಲೆಗೆ ಪೆಟ್ಟು ಬಿದ್ದವರಲ್ಲೂ ಬರಬಹುದು. ಅಪ್ಪನಿಗೆ ಯಾವ ಕಾರಣಕ್ಕೆ ಅಂತ ವೈದ್ಯರೇ ನೋಡಿ ಹೇಳಬೇಕು. ತೋರಿಸಿಲ್ಲದಿದ್ದರೆ ದಯವಿಟ್ಟು ತೋರಿಸಿ.

ಫ್ಯಾಬ್ರಿಕೇಟ್ ಬರೆದರೆ ಬೇಕಂತಲೇ ಮಾಡಿದ್ದು ಅಂತ ಓದುತ್ತಾರೆ. ಮೇಕಿಂಗ್ ಅಪ್ ಸ್ವಲ್ಪ ಮೆತ್ತಗಿದೆ, ಆದರೂ ಹೇಳುವವನಿಗೆ ಗೊತ್ತಿದೆ ಅನ್ನುವ ವಾಸನೆ ಅದರಲ್ಲಿದೆ. ಫೇನ್ ಅಂತೂ ನಾಟಕ. ಹೊಟ್ಟೆನೋವು ಅಂತ ಸೋಗು ಹಾಕುವುದಕ್ಕೆ ಅದು. ವಾರ್ಡಿನ ನೋಟ್ಸ್‌ನಲ್ಲಿ ನಾವು ಈ ಮೂರನ್ನೂ ಇಂಥವರ ಬಗ್ಗೆ ಬರೆಯುವುದಿಲ್ಲ.

ಸಾಗರದ ಮೇಷ್ಟ್ರು

ತಂಗೀ, ಇದನ್ನು ಓದಿ ನಾನೂ ಒಂದು ಮಾತು ಸೇರಿಸುತ್ತೇನೆ. ಕನ್‌ಫ್ಯಾಬ್ಯುಲೇಟ್‌ನಲ್ಲಿರುವ ಫ್ಯಾಬ್ ಕುಲುಮೆಯ ಕಡೆಯದಲ್ಲ. ಅದು ಫಾಬುಲಾ, ಅಂದರೆ ಕತೆ, ಮಾತು. ಫೇಬಲ್ ಅನ್ನುವುದು ಅದರಿಂದಲೇ. ಮೊದಲು ಅದಕ್ಕೆ ಜೊತೆಗೆ ಕೂತು ಹರಟುವುದು ಅಂತ ಅರ್ಥವಿತ್ತು. ನೋಡಲು ಒಂದೇ ಥರ, ಹುಟ್ಟಿದ ಮನೆ ಬೇರೆ.

ಲ್ಯಾಬ್ ಬೆಂಚು, ಮೈಸೂರು

ಹಾಗಾದರೆ ಚಾಟ್‌ಜಿಪಿಟಿಯಂಥವು ಇಲ್ಲದ್ದನ್ನು ಹೇಳುವುದಕ್ಕೆ ಹ್ಯಾಲೂಸಿನೇಟ್ ಅನ್ನುವುದು ಸರಿಯಾ? 2023ರಲ್ಲಿ ಕೇಂಬ್ರಿಜ್ ಡಿಕ್ಷನರಿ ಅದನ್ನೇ ವರ್ಷದ ಪದ ಅಂತ ಆರಿಸಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಚಾಟ್‌ಜಿಪಿಟಿ ಕೊಟ್ಟ, ಇಲ್ಲವೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟದ್ದಕ್ಕೆ ವಕೀಲರಿಗೆ 5,000 ಡಾಲರ್ ದಂಡ ಬಿತ್ತು.

ನೈಟ್ ಶಿಫ್ಟ್, ಲೀಡ್ಸ್

ನನಗೆ ಅದು ಸರಿ ಕಾಣುವುದಿಲ್ಲ. ಹ್ಯಾಲೂಸಿನೇಶನ್ ಅಂದರೆ ಇಲ್ಲದ್ದು ಕಾಣುವುದು, ಕೇಳುವುದು. ಯಂತ್ರಕ್ಕೆ ಕಣ್ಣು ಕಿವಿ ಎಲ್ಲಿದೆ? ಖಾಲಿ ಜಾಗವನ್ನು ನಿಜದಂತೆ ಕಾಣುವ ಮಾತಿನಿಂದ ತುಂಬುವುದು ಕನ್‌ಫ್ಯಾಬ್ಯುಲೇಟ್‌ಗೇ ಹತ್ತಿರ. ನನ್ನ ಹಾಗೇ ಹೇಳುವವರು ಬೇರೆಯವರೂ ಇದ್ದಾರೆ.

ಧಾರವಾಡದ ವಕೀಲೆ

ಯಂತ್ರಕ್ಕೆ ಯಾವ ಪದವಾದರೂ ಇರಲಿ. ಪರೀಕ್ಷಿಸದೆ ಸಹಿ ಹಾಕಿ ಕೋರ್ಟಿಗೆ ಕೊಟ್ಟದ್ದು ಮನುಷ್ಯರು. ನನಗೆ ಅದರ ಬಗ್ಗೆ ಸಿಟ್ಟಿದೆ.

ಮಂಡ್ಯದ ಗೌಡ

ತರೀಕೆರೆ ತಂಗೀ, ನನ್ನ ಮಾತು ವಾಪಸ್ ತಗೊಂಡೆ. ನಮ್ಮ ದೊಡ್ಡವ್ವ ಕೊನೆಗಾಲದಲ್ಲಿ ಹಿಂಗೇ ಮಾತಾಡೋರು. ಸುಳ್ಳಿ ಅಂತ ನಾವು ಹುಡುಗರೆಲ್ಲ ಆಡಿಕೊಳ್ತಿದ್ವಿ. ಈಗ ನೆನೆಸಿಕೊಂಡರೆ ನೋವಾಗ್ತದೆ. ಕನ್ನಡದಲ್ಲಿ ಇದಕ್ಕೆ ಏನಂತಾರೆ?

ಪುತ್ತೂರು ಕಡೆಯವ

ಲೊಟ್ಟೆ ಅಂತೂ ಅಲ್ಲ. ‘ಮರೆವಿನ ಮಾತು’ ಅಂದರೆ ಹೇಗೆ? ಕೇಳಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಪೀಣ್ಯ ಎರಡನೇ ಹಂತ

ಮರೆವಿನ ಮಾತು ಚೆನ್ನಾಗಿದೆ. ಕಟ್ಟು, ಹೆಣೆ, ಹುಟ್ಟಿಸು ಯಾವುದೂ ಬೇಡ. ಅವೆಲ್ಲ ಕೈಯಾರೆ ಮಾಡಿದ ಹಾಗೆ ಕೇಳಿಸುತ್ತವೆ.

ನನ್ನ ಕಡೆಯ ಸುದ್ದಿ ಹೇಳುತ್ತೇನೆ. ಇಲ್ಲಿ ನೀವು ಬರೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಹೋದ ವಾರ ಅದೇ ಗಿರಾಕಿಗೆ ಇನ್ನೊಂದು ಲಾಟ್ ಹೋಯಿತು. ಹೀಗೆ ಬರೆದೆ: ‘ದ ಬ್ರಾಕೆಟ್ಸ್ ಹ್ಯಾವ್ ಬೀನ್ ಫ್ಯಾಬ್ರಿಕೇಟೆಡ್ ಆ್ಯಂಡ್ ಲೋಡ್-ಟೆಸ್ಟೆಡ್. ದ ಟೆಸ್ಟ್ ರಿಪೋರ್ಟ್ ಈಸ್ ಅಟ್ಯಾಚ್ಡ್.’ ಅಟ್ಯಾಚ್ಡ್ ಅಂದರೆ ಸಾಕು, ಅದನ್ನು ಮಾಡಿದೆವು ಅಂತ ಹೇಳುವುದೇ ಬೇಕಿಲ್ಲ ಅಂತ ಹೊಳೆಯಿತು. ಮಾಲು ಹೋಯಿತು. ಮೆಮೊ ಇನ್ನೂ ಫೈಲಿನಲ್ಲೇ ಇದೆ. ಅದನ್ನು ತೆಗೆಯಿರಿ ಅಂತ ಮ್ಯಾನೇಜರಿಗೆ ಅರ್ಜಿ ಕೊಟ್ಟಿದ್ದೇನೆ. ಕನ್ನಡದಲ್ಲೇ ಬರೆದಿದ್ದೇನೆ.

ತರೀಕೆರೆ ಅಕ್ಕಾ, ಅಣ್ಣನಿಗೆ ಹೇಳಿದಿರಾ?

ತರೀಕೆರೆ ಮಗಳು

ಹೇಳಿದೆ. ಈ ಸಲ ಇಂಗ್ಲಿಷಿನಲ್ಲಿ ಮೆಸೇಜ್ ಮಾಡಲಿಲ್ಲ. ಫೋನ್ ಮಾಡಿ ಕನ್ನಡದಲ್ಲಿ ಹೇಳಿದೆ. ಕೊನೆಗೆ ಆ ಒಂದು ಪದವನ್ನು ಮಾತ್ರ ಕಳಿಸಿದೆ, ಅವನು ಹುಡುಕಿ ಓದಲಿ ಅಂತ. ಅರ್ಧ ಗಂಟೆ ಬಿಟ್ಟು ವಾಪಸ್ ಫೋನ್ ಮಾಡಿದ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಮುಂದಿನ ತಿಂಗಳು ಬರುತ್ತಾನಂತೆ. ಶಿವಮೊಗ್ಗದಲ್ಲಿ ನರರೋಗದ ವೈದ್ಯರಿಗೆ ತೋರಿಸಲು ದಿನ ಗೊತ್ತು ಮಾಡಿದ್ದೇನೆ.

ನಿನ್ನೆ ಅಪ್ಪ ಮತ್ತೆ ಸಂತೆಗೆ ಹೋಗಿ ಬಂದೆ ಅಂದರು. ನಾನು ಏನು ಹೇಳಲಿ ಅಂತ ನೋಡುತ್ತಿದ್ದೆ. ಅಮ್ಮ ಕಾಫಿ ಲೋಟ ಅವರ ಕೈಗೆ ಕೊಟ್ಟು, ‘ಒಣಮೆಣಸಿನಕಾಯಿ ರೇಟು ಎಷ್ಟಿತ್ತು?’ ಅಂತ ಕೇಳಿದರು. ಅಪ್ಪ ಯೋಚನೆ ಮಾಡಿ ಒಂದು ರೇಟು ಹೇಳಿದರು. ನಾನು ಸಣ್ಣವಳಿದ್ದಾಗಿನ ರೇಟು ಅದು.